ನೆಲದೊಳಗಿನ ನೀರು

ಯಳಂದೂರಿನ ನನ್ನ ಸೋದರಮಾವ ಮೊನ್ನೆ ಮೊನ್ನೆಯವರೆಗೂ ಗಾರೆ ಕೆಲಸ ಮಾಡುತ್ತಿದ್ದವರು. ಕೊಳ್ಳೇಗಾಲದ ನಮ್ಮ ಮನೆಗೆ ಅವರು ಬಂದ ದಿನ ಕೈಯಲ್ಲಿ ಕರಣೆ ಇರಲಿಲ್ಲ, ರಸಮಟ್ಟ ಇರಲಿಲ್ಲ. ಹೆಗಲ ಮೇಲೆ ಸುರುಳಿ ಸುತ್ತಿದ ಒಂದು ಪ್ಲಾಸ್ಟಿಕ್ ಪೈಪು ಮಾತ್ರ ಇತ್ತು, ಆಚೆಯಿಂದ ಈಚೆ ಕಾಣುವಂಥದ್ದು. ಹಿತ್ತಿಲ ಕಡೆಯ ಹತ್ತಡಿ ಹನ್ನೆರಡಡಿ ಪಡಸಾಲೆಗೆ ಟೈಲ್ಸ್ ನಾನೇ ಹಾಕುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೆ. ಅವರು ನಗಲಿಲ್ಲ. "ಆಕು. ನಾ ಕೈ ಆಕಕಿಲ್ಲ, ಬಾಯಿ ಆಕ್ತೀನಿ" ಅಂದಿದ್ದರು.

ಪೈಪಿಗೆ ನೀರು ತುಂಬಿದೆವು. ಒಂದು ತುದಿಯನ್ನು ನಾನು ಬಾಗಿಲ ಬಳಿ ಎದೆಮಟ್ಟಕ್ಕೆ ಹಿಡಿದೆ, ಇನ್ನೊಂದನ್ನು ಅವರು ಎದುರು ಮೂಲೆಗೆ ಒಯ್ದರು. ನೀರು ಎರಡೂ ಕಡೆ ಸ್ವಲ್ಪ ಹೊತ್ತು ಏರಿಳಿದು ನಿಂತಿತು. ನಿಂತಲ್ಲಿ ಗೋಡೆಗೆ ಪೆನ್ಸಿಲ್ ಗೀಟು. ಹೀಗೆ ನಾಲ್ಕೂ ಮೂಲೆಗೆ ಗೀಟು ಎಳೆದು, ಪ್ರತಿ ಗೀಟಿನಿಂದ ನೆಲದವರೆಗೆ ಟೇಪು ಹಿಡಿದು ಅಳೆದಾಗ ನಮ್ಮ ಮನೆಯ ಹಳೆಯ ಜಗಳವೊಂದು ಬಗೆಹರಿಯಿತು. ಪಾತ್ರೆ ತೊಳೆದ ನೀರು ತೂಬಿನ ಕಡೆ ಹೋಗದೆ ಎದುರು ಮೂಲೆಯಲ್ಲಿ ಯಾಕೆ ನಿಲ್ಲುತ್ತದೆ ಎನ್ನುವುದೇ ಆ ಜಗಳ. ಆ ಮೂಲೆ ತೂಬಿಗಿಂತ 18 ಮಿಲಿಮೀಟರ್ ತಗ್ಗಿನಲ್ಲಿತ್ತು.

ತೆರೆದ ಎರಡು ತುದಿಗಳ ಮೇಲೂ ಗಾಳಿಯ ಒತ್ತಡ ಒಂದೇ. ಒಂದು ಕಡೆ ನೀರು ಎತ್ತರದಲ್ಲಿದ್ದರೆ ಅಲ್ಲಿನ ಭಾರ ಹೆಚ್ಚು, ಅದು ಇನ್ನೊಂದು ಕಡೆಯನ್ನು ಮೇಲಕ್ಕೆ ತಳ್ಳುತ್ತದೆ. ಎರಡೂ ಭಾರ ಸಮನಾಗುವವರೆಗೆ ತಳ್ಳಾಟ ನಿಲ್ಲುವುದಿಲ್ಲ. ಪೈಪು ನಡುವೆ ಹೊಸಿಲು ದಾಟಲಿ, ಸುರುಳಿ ಸುತ್ತಲಿ, ಲೆಕ್ಕ ಕೆಡುವುದಿಲ್ಲ. ಇದನ್ನು ಶಾಲೆಯಲ್ಲಿ ನಾನೂ ಓದಿದ್ದೆ. ಶಾಲೆಯಲ್ಲಿ ಹೇಳದೆ ಬಿಟ್ಟದ್ದನ್ನು ಮಾವ ಹೇಳಿದರು.

"ನೀರು ಸುಳ್ ಯೋಳಲ್ಲ ಕನ ಮಗ. ಪೈಪು ಯೋಳ್ತದ."

ಪೈಪಿನೊಳಗೆ ಒಂದು ಗಾಳಿಗುಳ್ಳೆ ಸೇರಿಕೊಂಡಿತ್ತು. ಸಣ್ಣ ಪೈಪಿನಲ್ಲಿ ಗುಳ್ಳೆ ಅಡ್ಡಗಟ್ಟಿ ಕೂತುಬಿಡುತ್ತದೆ, ಮೇಲೆ ಬರುವುದಿಲ್ಲ. ಪೈಪು ನೆಲದ ಮೇಲೆ ಅಡ್ಡ ಮಲಗಿರುವ ಕಡೆ ಅದು ಇದ್ದರೆ ಬಾಧಕವಿಲ್ಲ. ನೆಟ್ಟಗೆ ನಿಂತ ಭಾಗದಲ್ಲಿದ್ದರೆ, ಗುಳ್ಳೆ ಎಷ್ಟು ಉದ್ದವೋ ಮಟ್ಟವೂ ಅಷ್ಟೇ ತಪ್ಪುತ್ತದೆ. ಎರಡು ಸೆಂಟಿಮೀಟರ್ ಗುಳ್ಳೆಯೆಂದರೆ ಎರಡು ಸೆಂಟಿಮೀಟರ್ ಸುಳ್ಳು. ಅವರು ಪೈಪನ್ನು ಬೆರಳಿನಿಂದ ತಟ್ಟಿ ತಟ್ಟಿ ಗುಳ್ಳೆ ಓಡಿಸಿದ ಮೇಲೆಯೇ ಗೀಟು ಎಳೆದದ್ದು.

ಇನ್ನೊಂದು ಮಾತು. "ಬಿಸ್ಲಲ್ಲಿ ಮಟ್ಟ ನೋಡ್ಬ್ಯಾಡ" ಅಂದರು. ಯಾಕೆ ಎಂದರೆ, ನೋಡಬಾರದು ಅಷ್ಟೆ. ನಾನು ರಾತ್ರಿ ಕೂತು ಲೆಕ್ಕ ಹಾಕಿದೆ. 20 ಡಿಗ್ರಿಯ ನೀರು ಲೀಟರಿಗೆ 998 ಗ್ರಾಂ ತೂಗುತ್ತದೆ, 40 ಡಿಗ್ರಿಯದು 992 ಗ್ರಾಂ. ಪೈಪಿನ ಒಂದು ಕಾಲು ಹಿತ್ತಿಲ ಬಿಸಿಲಲ್ಲಿ, ಇನ್ನೊಂದು ಒಳಗಿನ ನೆರಳಲ್ಲಿ ಇದ್ದರೆ, ಬಿಸಿಯಾದ ಹಗುರ ನೀರು ತಣ್ಣನೆಯ ನೀರಿಗೆ ಸರಿದೂಗಲು ಇನ್ನಷ್ಟು ಎತ್ತರ ನಿಲ್ಲಬೇಕಾಗುತ್ತದೆ. ಒಂದು ಮೀಟರ್ ಎತ್ತರದ ನೀರಿಗೆ ಈ ವ್ಯತ್ಯಾಸ 6 ಮಿಲಿಮೀಟರ್. ಎರಡು ಟೈಲ್ಸ್ ನಡುವೆ ಅಷ್ಟು ಏರುಪೇರಿದ್ದರೆ ಕತ್ತಲಲ್ಲಿ ಎದ್ದವರ ಕಾಲ್ಬೆರಳು ಲೆಕ್ಕ ಒಪ್ಪಿಸುತ್ತದೆ.

ನೀರು ನಿಲ್ಲುವ ಜಾಗಕ್ಕೆ ಮಟ್ಟ ಸಾಲದು, ವಾಟವೂ ಬೇಕು, ಅಂದರೆ ಇಳಿಜಾರು. ಈ ವಾಟ ಎಂಬ ಪದ ನಿಘಂಟಿಗಿಂತ ಗಾರೆಯವರ ಬಾಯಲ್ಲೇ ಚೆನ್ನಾಗಿ ಬದುಕಿದೆ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಮಿಳಿನ ಗಾರೆಯವರು ಇದನ್ನೇ ವಾಟ್ಟಂ ಎನ್ನುತ್ತಾರೆ. ಗಡಿ ಬದಲಾದರೂ ನೀರು ಹರಿಯುವ ದಿಕ್ಕಿನ ಪದ ಎರಡೂ ಕಡೆ ಉಳಿದುಕೊಂಡಿದೆ. ನೂರಕ್ಕೆ ಒಂದರ ವಾಟ ಸಾಕು. ಹತ್ತಡಿಗೆ ಸುಮಾರು 3 ಸೆಂಟಿಮೀಟರ್. ಗೋಡೆಯ ಮಟ್ಟದ ಗೀಟಿನಿಂದ ತೂಬಿನ ಕಡೆಯ ಅಂಚಿನಲ್ಲಿ ಅಷ್ಟು ಹೆಚ್ಚು ಕೆಳಗೆ ಅಳೆದು ದಾರ ಕಟ್ಟಿದರೆ, ನೆಲ ಎಲ್ಲಿರಬೇಕು ಎನ್ನುವುದನ್ನು ದಾರವೇ ಹೇಳುತ್ತದೆ. ಹಳೆಯ ನೆಲ ಕೆಂಪು ಆಕ್ಸೈಡಿನದು, ಎರಡು ತಲೆಮಾರಿನ ಪಾದಗಳು ಉಜ್ಜಿ ಗಾಜಿನಂತೆ ನುಣುಪಾಗಿತ್ತು. ಅಂಥ ನುಣುಪಿಗೆ ಯಾವ ಸಿಮೆಂಟೂ ಹಿಡಿಯುವುದಿಲ್ಲ. ಉಳಿ ಸುತ್ತಿಗೆಯಿಂದ ಕಚ್ಚು ಹೊಡೆದು, ತೊಳೆದು, ಒಂದಕ್ಕೆ ನಾಲ್ಕರಂತೆ ಸಿಮೆಂಟು ಮರಳು ಕಲಸಿ, ದಾರದ ಮಟ್ಟಕ್ಕೆ ಹೊಸ ಹಾಸು ಹಾಕಿದೆ. ಅಮ್ಮ ಆ ಕೆಂಪು ನೆಲ ಹೋದದ್ದಕ್ಕೆ ಎರಡು ದಿನ ಮಾತಾಡಲಿಲ್ಲ. ಅವರ ಪಕ್ಷದಲ್ಲಿ ನ್ಯಾಯವಿತ್ತು ಎಂದು ಈಗಲೂ ಅನಿಸುತ್ತದೆ.

ಟೈಲ್ಸ್ ಎಂದರೆ ಏನು? ನಮ್ಮ ಕಡೆ ಒಂದೇ ಇದ್ದರೂ ಅದು ಟೈಲ್ಸೇ. ಕೊಳ್ಳೇಗಾಲದ ಅಂಗಡಿಗೆ ಬರುವ ಪೆಟ್ಟಿಗೆಗಳ ಮೇಲೆ ಹೆಚ್ಚಾಗಿ ಕಾಣುವ ಊರು ಗುಜರಾತಿನ ಮೋರ್ಬಿ. ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲು ಮೂರನ್ನೂ ನುಣ್ಣಗೆ ಅರೆದು, ತುಸು ತೇವದ ಪುಡಿ ಮಾಡಿ, ಭಾರೀ ಒತ್ತಡದಲ್ಲಿ ಅಚ್ಚೊತ್ತಿ, 1100ರಿಂದ 1200 ಡಿಗ್ರಿಯ ಕುಲುಮೆಯಲ್ಲಿ ಸುಡುತ್ತಾರೆ. ಇಟ್ಟಿಗೆ ಗೂಡು ದಿನಗಟ್ಟಲೆ ಉರಿಯುತ್ತದೆ. ಟೈಲ್ಸ್ ಕುಲುಮೆಯಲ್ಲಿ ಉರುಳುವ ದಿಂಡುಗಳ ಮೇಲೆ ಒಂದು ತುದಿಯಲ್ಲಿ ಹೊಕ್ಕದ್ದು ಸುಮಾರು ಒಂದು ಗಂಟೆಯಲ್ಲಿ ಇನ್ನೊಂದು ತುದಿಯಿಂದ ಹೊರಬರುತ್ತದೆ.

ಆ ಒಂದು ಗಂಟೆಯಲ್ಲಿ ನೀರು ಎರಡು ಸಲ ಹೊರಡುತ್ತದೆ. ಮೊದಲು ಒದ್ದೆ ಬಟ್ಟೆಯಿಂದ ಹೋಗುವಂತೆ ಸುಮ್ಮನೆ ತೇವ ಹೋಗುತ್ತದೆ. ಆಮೇಲೆ 500–600 ಡಿಗ್ರಿಯ ಹೊತ್ತಿಗೆ, ಜೇಡಿಯ ಹರಳಿನೊಳಗೇ ರಾಸಾಯನಿಕವಾಗಿ ಬೆಸೆದುಕೊಂಡಿದ್ದ ನೀರು ಕಿತ್ತುಕೊಂಡು ಹೋಗುತ್ತದೆ. ಈ ಎರಡನೆಯ ನೀರನ್ನು ನೆನಪಿನಲ್ಲಿಡಿ, ಮುಂದೆ ಹನೂರಿನ ಅಕ್ಕನ ಮನೆಗೆ ಹೋದಾಗ ಬೇಕಾಗುತ್ತದೆ.

ಸುಟ್ಟಾದ ಮೇಲೆ ಒಳಗೆ ಎಷ್ಟು ಸಣ್ಣ ರಂಧ್ರಗಳು ಉಳಿದವು ಎನ್ನುವುದರ ಮೇಲೆ ಟೈಲ್ಸಿನ ಜಾತಿ ನಿಂತಿದೆ. ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಕುಡಿಯುವುದು ಗೋಡೆಯದು. ಶೇ. 3ರಿಂದ 6ರಷ್ಟು ಕುಡಿಯುವುದು ಸಾಮಾನ್ಯ ಸೆರಾಮಿಕ್ ನೆಲದ ಟೈಲ್ಸ್. ಅರ್ಧ ಪರ್ಸೆಂಟ್ ಕೂಡ ಕುಡಿಯದಿದ್ದರೆ ವಿಟ್ರಿಫೈಡ್, ಅಂದರೆ ಒಳಗೆಲ್ಲ ಕರಗಿ ಗಾಜಿನಂತಾದದ್ದು. ಮಣ್ಣಿನ ಮಡಕೆ ಬೆವರಿ ನೀರು ತಂಪಾಗಿಡುವುದೂ, ಕರೆಂಟು ಕಂಬದ ಮೇಲಿನ ಬಿಳಿ ಪಿಂಗಾಣಿ ಮಳೆಯಲ್ಲಿ ನೆನೆದರೂ ಒಳಗೆ ಹನಿ ಬಿಟ್ಟುಕೊಳ್ಳದಿರುವುದೂ ಇದೇ ಲೆಕ್ಕದ ಎರಡು ತುದಿಗಳು. ಪರೀಕ್ಷೆಗೆ ಪ್ರಯೋಗಾಲಯ ಬೇಡ. ಟೈಲ್ಸ್ ಬೋರಲು ಹಾಕಿ ಬೆನ್ನ ಮೇಲೆ ಒಂದು ಹನಿ ನೀರು ಬಿಡಿ. ನೋಡನೋಡುತ್ತ ಇಂಗಿದರೆ ಸೆರಾಮಿಕ್, ಮುತ್ತಿನಂತೆ ಕೂತೇ ಇದ್ದರೆ ವಿಟ್ರಿಫೈಡ್. ಇನ್ನೂ ಖಚಿತವಾಗಬೇಕಿದ್ದರೆ ದಿನಸಿ ತೂಗುವ ತಕ್ಕಡಿ ಸಾಕು. ಒಣಗಿದಾಗ ಒಂದು ಕೆಜಿ ಇದ್ದದ್ದು ರಾತ್ರಿಯಿಡೀ ನೀರಲ್ಲಿದ್ದು 1050 ಗ್ರಾಂ ಆದರೆ ಶೇ. 5.

ಈ ಹನಿಯ ಪರೀಕ್ಷೆ ಮಾಡದೆ ನಾನು ಮೊದಲ ಐದು ಟೈಲ್ಸ್ ಹಾಕಿದೆ. ಮಾವ ಅಂದು ಸಂತೆಗೆ ಹೋಗಿದ್ದರು. ಸಿಮೆಂಟಿಗೆ ನೀರು ಬೆರೆಸಿ ದೋಸೆಹಿಟ್ಟಿನ ಹದಕ್ಕೆ ತಂದು, ಪೆಟ್ಟಿಗೆಯಿಂದ ತೆಗೆದ ಒಣ ಟೈಲ್ಸ್ ಇಟ್ಟು, ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಕಣ್ಣಿಗೆ ಬಹಳ ಚೆನ್ನಾಗಿತ್ತು. ಮೂರನೆಯ ದಿನ ಮಾವ ಕರಣೆಯ ತುದಿ ಸಂದಿಗೆ ತೂರಿಸಿ ಮೀಟಿದರು, ಐದೂ ಒಂದರ ಹಿಂದೊಂದು ಎದ್ದು ಬಂದವು. ಬೆನ್ನಿಗೆ ಸಿಮೆಂಟಿನ ಗುರುತೂ ಇಲ್ಲ, ಉದ್ದಿನ ಹಪ್ಪಳ ತಟ್ಟೆಯಿಂದ ಎದ್ದಂತೆ. ಕೆಳಗಿನ ಸಿಮೆಂಟನ್ನು ಉಗುರಿನಿಂದ ಕೆರೆದರೆ ಪುಡಿ ಉದುರಿತು.

"ನೀರು ಕುಡಿಸ್ದೆ ಸಾಯಿಸ್ಬುಟ್ಟೆ" ಅಂದರು ಮಾವ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಒಣಗಿ ಗಟ್ಟಿಯಾಗುವುದು ಕೆಸರು. ಸಿಮೆಂಟು ನೀರನ್ನು ತಿಂದು ಗಟ್ಟಿಯಾಗುತ್ತದೆ. ಅದರೊಳಗಿನ ಕ್ಯಾಲ್ಸಿಯಂ ಸಿಲಿಕೇಟ್ ಕಣಗಳು ನೀರಿನೊಂದಿಗೆ ಕೂಡಿ ಹೊಸದೊಂದು ವಸ್ತುವಾಗುತ್ತವೆ. ಕಣ್ಣಿಗೆ ಕಾಣದಷ್ಟು ನವಿರಾದ ಎಳೆಗಳು ಬೆಳೆದು, ಪಕ್ಕದ ಕಣದ ಎಳೆಗಳಿಗೆ ಹೆಣೆದುಕೊಂಡು, ಮರಳನ್ನೂ ಟೈಲ್ಸಿನ ಬೆನ್ನಿನ ರಂಧ್ರಗಳನ್ನೂ ಹಿಡಿದುಕೊಳ್ಳುತ್ತವೆ. ಸಿಮೆಂಟು ನೀರಿನಡಿಯಲ್ಲೂ ಗಟ್ಟಿಯಾಗುವುದು ಅದಕ್ಕೇ. 50 ಕೆಜಿಯ ಒಂದು ಮೂಟೆ ಪೂರ್ತಿ ಈ ಬದಲಾವಣೆ ಹೊಂದಬೇಕಾದರೆ ಸುಮಾರು 12 ಲೀಟರ್ ನೀರು ಅದರ ಮೈಯೊಳಗೇ ಸೇರಿಹೋಗಬೇಕು. ಕಲಸಿದ ಮೇಲೆ ಅದು ಬಿಗಿಯತೊಡಗಲು ಅರ್ಧ ಗಂಟೆಗಿಂತ ಕಡಿಮೆ ಹಿಡಿಯಬಾರದು, ಪೂರ್ತಿ ಬಿಗಿಯಲು ಹತ್ತು ಗಂಟೆ ಮೀರಬಾರದು ಎಂಬುದು ನಮ್ಮ ದೇಶದ ಮಾನಕ. ಆದರೆ ಬಿಗಿಯುವುದು ಬೇರೆ, ಬಲ ಬರುವುದು ಬೇರೆ. ಬಲವನ್ನು 28ನೇ ದಿನ ಅಳೆಯುತ್ತಾರೆ, ಆಮೇಲೂ ಅದು ನಿಧಾನವಾಗಿ ಏರುತ್ತಲೇ ಇರುತ್ತದೆ. ಅಲ್ಲಿಯವರೆಗೆ ನೀರು ಸಿಗುತ್ತಿರಬೇಕು ಅಷ್ಟೆ.

ನನ್ನ ಒಣ ಟೈಲ್ಸ್ ಆ ನೀರನ್ನು ತನ್ನ ರಂಧ್ರಗಳಿಗೆ ಎಳೆದುಕೊಂಡಿತು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಎಳೆ ಬೆಳೆಯುವ ಮೊದಲೇ ಸಿಮೆಂಟು ಬಾಯಾರಿ ನಿಂತಿತು. ನಮ್ಮ ಗಾರೆಯವರು ಹಿಂದಿನ ರಾತ್ರಿಯೇ ಸೆರಾಮಿಕ್ ಟೈಲ್ಸ್ ಅನ್ನು ತೊಟ್ಟಿಗೆ ಹಾಕಿ ಗುಳುಗುಳು ಗುಳ್ಳೆ ನಿಲ್ಲುವವರೆಗೆ ನೆನೆಸುವುದರ ಗುಟ್ಟು ಇದು. ಮೊದಲೇ ಹೊಟ್ಟೆ ತುಂಬಿದ್ದರೆ ಸಿಮೆಂಟಿನ ಪಾಲನ್ನು ಕದಿಯುವುದಿಲ್ಲ. ವಿಟ್ರಿಫೈಡ್ ಕತೆ ತಿರುಗಾಮುರುಗ. ಅದು ನೀರು ಕದಿಯುವುದಿಲ್ಲ, ಹಾಗೆಯೇ ಸಿಮೆಂಟಿಗೆ ಬೇರು ಬಿಡಲು ರಂಧ್ರವನ್ನೂ ಕೊಡುವುದಿಲ್ಲ. ಅದಕ್ಕೆ ಬರಿ ಸಿಮೆಂಟು ಹಾಲು ಹೊಯ್ದು ಕೂರಿಸಿದರೆ ಎಷ್ಟು ನೆನೆಸಿದರೂ ಒಂದೇ.

ಎರಡಕ್ಕೂ ಒಗ್ಗುವುದು ಅಂಗಡಿಯಲ್ಲಿ ಟೈಲ್ಸ್ ಗಮ್ ಎಂದು ಮಾರುವ ಮೂಟೆ. ಹೆಸರು ಗಮ್ ಆದರೂ ಅದು ಮುಖ್ಯವಾಗಿ ಸಿಮೆಂಟು ಮತ್ತು ನಯವಾದ ಮರಳು. ಜೊತೆಗೆ ಚಿಟಿಕೆಯಷ್ಟು ಪಾಲಿಮರ್, ಇನ್ನೊಂದು ಚಿಟಿಕೆ ಮರದ ನಾರಿನಿಂದಲೋ ಹತ್ತಿಯಿಂದಲೋ ಮಾಡಿದ ಸೆಲ್ಯುಲೋಸ್ ಈಥರ್. ಈ ಎರಡನೆಯದು ನೀರನ್ನು ಲೋಳೆಯಂತೆ ಹಿಡಿದಿಟ್ಟುಕೊಂಡು, ಟೈಲ್ಸ್ ಎಳೆದರೂ ಬಿಡದೆ ಸಿಮೆಂಟಿಗೆ ತುಸುತುಸುವೇ ಕೊಡುತ್ತದೆ. ಅಂಗುಲ ಒಂದೂವರೆ ಅಂಗುಲ ದಪ್ಪದ ಗಾರೆ ಬೇಕಿದ್ದ ಕಡೆ ಕೆಲವೇ ಮಿಲಿಮೀಟರ್ ಸಾಕಾದದ್ದು ಇದರಿಂದ. ಹೊಸಬರಿಗೆ ನನ್ನ ಸಲಹೆ ಇದೇ: ಹಾಸನ್ನು ಗಾರೆಯಿಂದ ಸಮ ಮಾಡಿ, ವಾರವಾದರೂ ನೀರು ಬಿಟ್ಟು ಗಟ್ಟಿಮಾಡಿ, ಆಮೇಲೆ ಗಮ್ಮಿನಿಂದ ಕೂರಿಸಿ. ದಪ್ಪ ಗಾರೆಯಲ್ಲಿ ಒಂದೊಂದೇ ಟೈಲ್ಸನ್ನು ಮಟ್ಟಕ್ಕೆ ತರುವುದು ವರ್ಷಗಟ್ಟಲೆ ಪಳಗಿದ ಕೈಯ ಕೆಲಸ. ಗಮ್ಮು ಬಳಸುವಾಗ ಟೈಲ್ಸ್ ನೆನೆಸಬಾರದು, ಬೆನ್ನಿನ ದೂಳು ಒರೆಸಿದರೆ ಸಾಕು. ಕೈಗವಸು ಹಾಕಿಕೊಳ್ಳಿ. ಒದ್ದೆ ಸಿಮೆಂಟು ಸುಣ್ಣದಷ್ಟೇ ಕ್ಷಾರ, ಸಂಜೆಯ ಹೊತ್ತಿಗೆ ಬೆರಳ ಸಂದಿ ಸುಟ್ಟಿರುತ್ತದೆ.

ಎದ್ದು ಬಂದ ಐದನ್ನೂ ತೊಳೆದಿಟ್ಟು, ಎರಡನೆಯ ಸಲ ದಾರದಿಂದ ಶುರುಮಾಡಿದೆ. ಕೊಳ್ಳೇಗಾಲ ರೇಷ್ಮೆ ಸೀರೆಯ ಊರು. ಮಗ್ಗ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಸಿನ ಎಳೆ ಸೊಟ್ಟಗಿದ್ದರೆ ಹೊಕ್ಕು ಎಷ್ಟು ನೇರ ಹಾಕಿದರೂ ಸೀರೆ ಸೊಟ್ಟ. ನೆಲಕ್ಕೂ ಒಂದು ಹಾಸು, ಒಂದು ಹೊಕ್ಕು ಬೇಕು, ಎರಡೂ ಒಂದಕ್ಕೊಂದು ನೇರ ಮೂಲೆಯಲ್ಲಿ ಕೂಡಬೇಕು. ಮೂಲೆಮಟ್ಟ ಚಿಕ್ಕದು, ಕೋಣೆ ದೊಡ್ಡದು. ಹಾಗಾಗಿ ಒಂದು ದಾರದ ಮೇಲೆ ಮೂರಡಿ, ಇನ್ನೊಂದರ ಮೇಲೆ ನಾಲ್ಕಡಿ ಗುರುತು ಮಾಡಿ, ಗುರುತಿನಿಂದ ಗುರುತಿಗೆ ಐದಡಿ ಸರಿಯಾಗಿ ಬರುವವರೆಗೆ ದಾರ ಸರಿಸಬೇಕು. ಶುಲ್ಬಸೂತ್ರದ ಕಾಲದಿಂದ ಯಜ್ಞವೇದಿಕೆ ಕಟ್ಟಿದವರೂ ಇದೇ ಹಗ್ಗದ ಲೆಕ್ಕ ಹಿಡಿದವರು. ಗೋಡೆಯನ್ನು ಮಾತ್ರ ನಂಬಬಾರದು. ಹಳೆಯ ಮನೆಯ ಮೂಲೆ ಒಂದೇ ಒಂದು ಡಿಗ್ರಿ ಸೊಟ್ಟಗಿದ್ದರೂ ಹತ್ತಡಿ ದೂರ ಹೋಗುವಷ್ಟರಲ್ಲಿ ಅದು 5 ಸೆಂಟಿಮೀಟರ್ ಆಗಿರುತ್ತದೆ. ಗೋಡೆಗೆ ಒತ್ತಿ ಶುರುಮಾಡಿದ ಸಾಲು ಬಾಗಿಲಿಗೆ ಬರುವ ಹೊತ್ತಿಗೆ ಕೋಣೆಯೇ ತಿರುಚಿಕೊಂಡಂತೆ ಕಾಣುತ್ತದೆ.

ಗೋಡೆಯಿಂದ ಶುರುಮಾಡಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವನ್ನು ಕಾಗದದ ಮೇಲೇ ಕಂಡುಕೊಂಡೆ. ಒಂದಡಿ ಟೈಲ್ಸ್ ಎಂದು ಮಾರುವುದು ಒಂದಡಿ ಇಲ್ಲ, 300 ಮಿಲಿಮೀಟರ್. ಸಂದಿಗೆ 2 ಮಿಲಿಮೀಟರ್ ಸೇರಿಸಿದರೆ 302. ಹನ್ನೆರಡಡಿ ಅಂದರೆ 3658 ಮಿಲಿಮೀಟರ್. ಹನ್ನೆರಡು ಟೈಲ್ಸ್ ಕೂತ ಮೇಲೆ ಕೊನೆಯಲ್ಲಿ 34 ಮಿಲಿಮೀಟರ್ ಉಳಿಯುತ್ತದೆ. ಎರಡು ಬೆರಳಗಲದ ಪಟ್ಟಿಯನ್ನು ಕತ್ತರಿಸುವುದು ಪರಿಣತರಿಗೂ ತಲೆನೋವು, ಮೂರರಲ್ಲಿ ಎರಡು ಒಡೆಯುತ್ತವೆ. ಬದಲಿಗೆ ಸಾಲನ್ನು ನಡುವಿಗೆ ಸರಿಸಿ ಹನ್ನೊಂದು ಇಡೀ ಟೈಲ್ಸ್ ಹಾಕಿದರೆ ಎರಡೂ ಕೊನೆಗಳಲ್ಲಿ ತಲಾ 167 ಮಿಲಿಮೀಟರಿನ ತುಂಡು ಬರುತ್ತದೆ. ಕತ್ತರಿಸಲು ಸುಲಭ, ನೋಡಲು ಅಂದ.

ಕೂರಿಸುವುದನ್ನು ಹೇಳಬೇಕಾದರೆ ಮೊದಲು ಮುದ್ದೆಯ ವಿಚಾರ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಉಂಡೆ ಇಟ್ಟು ಟೈಲ್ಸ್ ಒತ್ತುವ ಪದ್ಧತಿ ಎಲ್ಲೆಲ್ಲೂ ಇದೆ. ರಾಗಿಮುದ್ದೆ ಊಟಕ್ಕೆ ಚೆನ್ನ, ಟೈಲ್ಸ್ ಅಡಿಗಲ್ಲ. ಸುಟ್ಟ ಮಣ್ಣು ತುಳಿತಕ್ಕೆ ಹೆದರುವುದಿಲ್ಲ, ಬಾಗುವುದಕ್ಕೆ ಹೆದರುತ್ತದೆ. ಉಂಡೆಗಳ ನಡುವಿನ ಟೊಳ್ಳಿನ ಮೇಲೆ ತುಂಬಿದ ಕೊಡವನ್ನು ದಡ್ಡನೆ ಇಟ್ಟರೆ ಟೈಲ್ಸ್ ಕೂದಲೆಳೆಯಷ್ಟು ಕೆಳಕ್ಕೆ ಬಾಗಿ ಅಡಿಭಾಗ ಹಿಗ್ಗುತ್ತದೆ. ಹಿಗ್ಗುವುದು ಅದರ ಜಾಯಮಾನವಲ್ಲ, ಬಿರಿಯುತ್ತದೆ. ಅದಕ್ಕೇ ಹಲ್ಲಿರುವ ಕರಣೆ. ಗಮ್ಮನ್ನು ಹಾಸಿನ ಮೇಲೆ ಎಳೆದರೆ ಉಳುಮೆಯ ಸಾಲುಗಳಂತೆ ಏಳುತ್ತದೆ. ಎಲ್ಲ ಸಾಲೂ ಒಂದೇ ದಿಕ್ಕಿಗಿರಬೇಕು. ಟೈಲ್ಸ್ ಇಟ್ಟು ಸಾಲಿಗೆ ಅಡ್ಡಡ್ಡ ಹಿಂದಕ್ಕೂ ಮುಂದಕ್ಕೂ ಅಲುಗಿಸಿ ಒತ್ತಿದರೆ ದಿಣ್ಣೆ ಕುಸಿದು ತಗ್ಗನ್ನು ತುಂಬುತ್ತದೆ, ನಡುವಿದ್ದ ಗಾಳಿ ಸಾಲಿನ ಕೊನೆಯಿಂದ ಹೊರಗೆ ಹೋಗುತ್ತದೆ. ರಂಗೋಲಿಯಂತೆ ಸುತ್ತಿ ಸುತ್ತಿ ಎಳೆದರೆ ಗಾಳಿಗೆ ದಾರಿಯೇ ಇಲ್ಲ. ಮೊದಮೊದಲು ಹತ್ತಕ್ಕೊಂದನ್ನು ಒತ್ತಿದ ಕೂಡಲೇ ಎತ್ತಿ ಬೆನ್ನು ನೋಡುತ್ತಿದ್ದೆ. ನೀರು ಬೀಳುವ ಜಾಗದಲ್ಲಿ ಬೆನ್ನಿನ ಶೇ. 95ರಷ್ಟಾದರೂ ಗಮ್ಮು ಮೆತ್ತಿರಬೇಕು.

ಗಟ್ಟಿಯಾದ ಮೇಲೆ ಬೆನ್ನು ನೋಡಲಾಗುವುದಿಲ್ಲ, ಕಿವಿಯೇ ಗತಿ. ಮಲೆ ಮಹದೇಶ್ವರನ ಗುಡ್ಡರು ಕಂಸಾಳೆ ನುಡಿಸುವುದನ್ನು ಹತ್ತಿರದಿಂದ ನೋಡಿ. ದಾರದಲ್ಲಿ ತೂಗುವ ತಾಳ ಝಲ್ಲೆಂದು ಉದ್ದಕ್ಕೆ ನುಡಿಯುತ್ತದೆ. ಅದನ್ನೇ ಅಂಗೈಗೆ ಒತ್ತಿ ಹಿಡಿದರೆ ದನಿ ಅಲ್ಲೇ ಸಾಯುತ್ತದೆ, ಕಂಪನವನ್ನು ಅಂಗೈ ಕುಡಿದುಬಿಡುತ್ತದೆ. ಟೈಲ್ಸೂ ಹಾಗೇ. ಕೆಳಗೆ ಪೂರ್ತಿ ಹಿಡಿದಿದ್ದರೆ ನಾಣ್ಯದಿಂದ ತಟ್ಟಿದಾಗ ಟಕ್ ಎಂದು ಮೊಂಡು ಶಬ್ದ. ಟೊಳ್ಳಿದ್ದರೆ ಅದು ಬಿಡುಬೀಸಾಗಿ ನಡುಗಿ ತಮಟೆಯಂತೆ ದನಿ ಕೊಡುತ್ತದೆ.

ಕತ್ತರಿಸುವುದು ಕತ್ತರಿಸುವುದೇ ಅಲ್ಲ. ಕಟ್ಟರಿನ ಗಾಲಿ ಹೊಳಪಿನ ಮೇಲೆ ಒಂದು ಗೀರು ಎಳೆಯುತ್ತದೆ, ಆಮೇಲೆ ಎರಡೂ ಕಡೆ ಒತ್ತಿದರೆ ಗೀರಿನ ಗುಂಟ ಟೈಲ್ಸ್ ಮುರಿಯುತ್ತದೆ. ಅಷ್ಟು ಸಣ್ಣ ಗೀರಿಗೆ ಅಷ್ಟು ದಪ್ಪ ಯಾಕೆ ಶರಣಾಗುತ್ತದೆ ಎಂಬುದನ್ನು 1921ರಲ್ಲಿ ಅಚ್ಚಾದ ಲೇಖನದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ ಗಾಜಿನ ಪ್ರಯೋಗಗಳಿಂದ ತೋರಿಸಿದ. ಬಿರುಕಿನ ತುದಿಯಲ್ಲಿ ಎಳೆತವೆಲ್ಲ ಗುಂಪುಗೂಡುತ್ತದೆ. ತುದಿ ಚೂಪಾದಷ್ಟೂ ಅಲ್ಲಿನ ಎಳೆತ ಹೆಚ್ಚು, ಒಂದು ಹದ ದಾಟಿತೆಂದರೆ ಬಿರುಕು ತಾನಾಗಿ ಓಡುತ್ತದೆ. ನಮ್ಮ ಜಿಲ್ಲೆಯ ಕರಿಕಲ್ಲು ಕ್ವಾರಿಗಳಲ್ಲಿ ಸಾಲಾಗಿ ಕುಳಿ ತೋಡಿ, ಬೆಣೆ ಇಟ್ಟು, ಒಂದೊಂದೇ ಏಟು ಹಾಕುತ್ತ ಬಂಡೆ ಸೀಳುತ್ತಿದ್ದವರು ಗ್ರಿಫಿತ್ ಓದಿದವರಲ್ಲ. (ಮಾರುಕಟ್ಟೆ ಅದನ್ನು ಕಪ್ಪು ಗ್ರಾನೈಟ್ ಎಂದು ಕರೆದರೂ ಭೂವಿಜ್ಞಾನಿಗಳಿಗೆ ಅದು ಗ್ರಾನೈಟ್ ಅಲ್ಲ, ಡಾಲರೈಟ್.) ಗೀರು ಒಂದೇ ಸಲಕ್ಕೆ, ಒಂದೇ ಒತ್ತಡದಲ್ಲಿ ಎಳೆಯಬೇಕು. ನಾನು ಸಮಾಧಾನವಾಗದೆ ಎರಡೆರಡು ಸಲ ಎಳೆದೆ. ಗೀರು ಕವಲಾಯಿತು, ಬಿರುಕಿಗೆ ಎತ್ತ ಓಡಬೇಕೋ ತಿಳಿಯದೆ ನಾಲ್ಕು ಟೈಲ್ಸ್ ಹೋದವು. ಮಿಷನ್ನಿನಲ್ಲಿ ಕೊಯ್ಯುವವರು ನೀರು ಬಿಟ್ಟುಕೊಂಡೇ ಕೊಯ್ಯಿರಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ. ಹಾರುವ ಬಿಳಿ ದೂಳಿನಲ್ಲಿರುವ ಸಿಲಿಕ ಶ್ವಾಸಕೋಶಕ್ಕೆ ಹೋದರೆ ಮತ್ತೆ ಬರುವುದಿಲ್ಲ.

ಇನ್ನು ಹನೂರು. ಅಲ್ಲಿ ಅಕ್ಕನ ಮನೆಯ ನಡುಮನೆಗೆ ಎರಡಡಿಯ ದೊಡ್ಡ ಟೈಲ್ಸ್ ಹಾಕಿಸಿದ್ದರು, ಸಂದಿಯೇ ಇಲ್ಲದಂತೆ ಒಂದಕ್ಕೊಂದು ಒತ್ತಿ, ಗೋಡೆಗೂ ಒತ್ತಿ. ನೋಡಿದವರೆಲ್ಲ ಹೊಗಳಿದ್ದರು. ಕೆಲವು ವರ್ಷ ಕಳೆದು ಒಂದು ಏಪ್ರಿಲ್ ಮಧ್ಯಾಹ್ನ, ಬಾಗಿಲಿಂದ ಬಿಸಿಲು ಒಳಗೆ ಚಾಚಿದ್ದ ಹೊತ್ತಿನಲ್ಲಿ, ಢಬ್ ಎಂದು ಶಬ್ದವಾಯಿತಂತೆ. ನಡುವಿನ ಎರಡು ಟೈಲ್ಸ್ ಗುಡಾರದ ಹಾಗೆ ಒಂದಕ್ಕೊಂದು ಒರಗಿಕೊಂಡು ಎದ್ದು ನಿಂತಿದ್ದವು. ಅಕ್ಕಪಕ್ಕದವರು ಭೂಮಿ ನಡುಗಿತು ಅಂದರು, ಇನ್ನೊಬ್ಬರು ವಾಸ್ತು ಅಂದರು.

ಸುಟ್ಟ ಮಣ್ಣು ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಮಿಲಿಮೀಟರಿನ ಸಾವಿರದಲ್ಲಿ ಏಳು ಪಾಲು ಹಿಗ್ಗುತ್ತದೆ. ಐದು ಮೀಟರ್ ಉದ್ದದ ಸಾಲು 20 ಡಿಗ್ರಿ ಬಿಸಿಯಾದರೆ ಹಿಗ್ಗುವುದು 0.7 ಮಿಲಿಮೀಟರ್, ಎಟಿಎಂ ಕಾರ್ಡಿನ ದಪ್ಪಕ್ಕಿಂತ ತುಸು ಕಡಿಮೆ. ಬಿಸಿಲು ಬಿದ್ದದ್ದು ಟೈಲ್ಸಿಗೆ, ಅಡಿಯ ಕಾಂಕ್ರೀಟು ಇನ್ನೂ ತಣ್ಣಗಿದೆ. ಗೋಡೆಗಳು ಜಗ್ಗುವುದಿಲ್ಲ. ಆ 0.7 ಮಿಲಿಮೀಟರಿಗೆ ಎಲ್ಲೂ ಜಾಗವಿಲ್ಲ, ಮೇಲೊಂದನ್ನು ಬಿಟ್ಟು. ಹಿಡಿತ ಸಡಿಲವಿದ್ದ ಎರಡು ಟೈಲ್ಸ್ ಮೇಲೆದ್ದವು ಎಂದುಕೊಂಡು ಪೈಥಾಗೊರಸ್ಸನಿಗೆ ಲೆಕ್ಕ ಕೊಡಿ. ಕರ್ಣ 600 ಮಿಲಿಮೀಟರ್, ಪಾದ 599.65. ಎತ್ತರ 20 ಮಿಲಿಮೀಟರಿಗೂ ತುಸು ಹೆಚ್ಚು ಬರುತ್ತದೆ. ಅಂದರೆ ಕಾರ್ಡಿನ ದಪ್ಪದ ಹಿಗ್ಗು ಎರಡು ಸೆಂಟಿಮೀಟರಿನ ಗುಡಾರವಾಗುತ್ತದೆ. ಈ ಲೆಕ್ಕ ಮಾಡಿದ ರಾತ್ರಿ ನಾನೇ ನಂಬದೆ ಎರಡು ಸ್ಕೇಲುಗಳನ್ನು ಎರಡು ಪುಸ್ತಕದ ಕಟ್ಟಿನ ನಡುವೆ ಒತ್ತಿ ನೋಡಿದೆ. ನೀವೂ ನೋಡಬಹುದು.

ಬಿಸಿಲೇ ಕಾರಣವಾಗಿದ್ದರೆ ಮೊದಲ ಬೇಸಿಗೆಯಲ್ಲೇ ಏಳಬೇಕಿತ್ತು, ವರ್ಷಗಟ್ಟಲೆ ಯಾಕೆ ಕಾದವು? ಅಷ್ಟರಲ್ಲಿ ಎರಡು ಕೆಲಸ ಸದ್ದಿಲ್ಲದೆ ನಡೆದಿರುತ್ತವೆ. ಕೆಳಗಿನ ಕಾಂಕ್ರೀಟು ತನ್ನ ಹೆಚ್ಚುವರಿ ನೀರು ಬಿಟ್ಟುಕೊಡುತ್ತ ಮೀಟರಿಗೆ ಅರ್ಧ ಮಿಲಿಮೀಟರಿನವರೆಗೂ ಕುಗ್ಗುತ್ತದೆ. ಮೇಲಿನ ಟೈಲ್ಸಿನದು ಇದರ ತದ್ವಿರುದ್ಧ. ಕುಲುಮೆಯಲ್ಲಿ ಕಳೆದುಕೊಂಡ ಆ ಎರಡನೆಯ ನೀರನ್ನು ಅದು ಗಾಳಿಯ ತೇವದಿಂದ ಮತ್ತೆ ಒಳಗೆ ಸೇರಿಸಿಕೊಳ್ಳತೊಡಗಿರುತ್ತದೆ, ಸೇರಿಸಿಕೊಂಡಂತೆ ಅಷ್ಟಷ್ಟೇ ಉಬ್ಬುತ್ತದೆ. ಬಹಳ ನಿಧಾನ: ಮೊದಲ ಒಂದು ವರ್ಷದಲ್ಲಿ ಆದದ್ದರ ಎರಡರಷ್ಟಾಗಲು 16 ವರ್ಷ ಬೇಕು. 2009ರಲ್ಲಿ ಮ್ಯಾಂಚೆಸ್ಟರ್ ಮತ್ತು ಎಡಿನ್‌ಬರೊ ವಿಶ್ವವಿದ್ಯಾಲಯಗಳವರು ಈ ನಿಧಾನವನ್ನೇ ಗಡಿಯಾರ ಮಾಡಿಕೊಂಡು ಹಳೆಯ ಇಟ್ಟಿಗೆ, ಹೆಂಚುಗಳ ವಯಸ್ಸು ಅಳೆಯುವ ದಾರಿ ತೋರಿಸಿದರು. ಇಟ್ಟಿಗೆಯನ್ನು 500 ಡಿಗ್ರಿಗೆ ಕಾಯಿಸಿ ಅಷ್ಟೂ ವರ್ಷ ಕುಡಿದ ನೀರನ್ನು ಹೊರಡಿಸಿ, ಮತ್ತೆ ಯಾವ ವೇಗದಲ್ಲಿ ತೂಕ ಏರುತ್ತದೆ ಎಂದು ತೂಗುತ್ತಾರೆ. ರಂಧ್ರ ಹೆಚ್ಚಿದ್ದ ಟೈಲ್ಸಿಗೆ ಈ ಉಬ್ಬು ಹೆಚ್ಚು, ವಿಟ್ರಿಫೈಡ್‌ಗೆ ಇಲ್ಲವೆನ್ನುವಷ್ಟು ಕಡಿಮೆ.

ಸಂದಿಯಿಲ್ಲದ ನೆಲವೇ ಚೆಂದ ಎನ್ನುವ ಈಗಿನ ಗೀಳು ನನಗೆ ಒಪ್ಪಿಗೆಯಿಲ್ಲ. ನಾನು ಪ್ಲಾಸ್ಟಿಕ್ ಸ್ಪೇಸರ್ ಇಟ್ಟು 2 ಮಿಲಿಮೀಟರ್ ಸಂದಿ ಬಿಟ್ಟೆ, ಗೋಡೆಯ ಗುಂಟ 5 ಮಿಲಿಮೀಟರ್ ಖಾಲಿ ಬಿಟ್ಟು ಅದಕ್ಕೆ ಸಿಮೆಂಟು ತುಂಬದೆ ಮೆತ್ತನೆಯ ಸಿಲಿಕೋನ್ ತುಂಬಿದೆ. ಸ್ಕರ್ಟಿಂಗ್ ಕೂರಿಸಿದ ಮೇಲೆ ಅದು ಕಾಣುವುದಿಲ್ಲ. ಉಳಿದ ಸಂದಿಗಳಿಗೆ ಮರುದಿನ ಗ್ರೌಟ್ ತುಂಬಿ, ಅರ್ಧ ಗಂಟೆಯೊಳಗೆ ಒದ್ದೆ ಸ್ಪಂಜಿನಿಂದ ಒರೆಸಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ, ಮಂಡಿ ನೋವೊಂದನ್ನು ಬಿಟ್ಟರೆ.

ಕೆಲಸ ಮುಗಿದು ತಿಂಗಳಾದ ಮೇಲೆ ಮಾವ ಬಂದು ಐದು ರೂಪಾಯಿ ನಾಣ್ಯ ಹಿಡಿದು ಇಡೀ ನೆಲ ತಟ್ಟಿದರು. "ಮೂರು ಟೊಳ್ಳವ. ನಾ ಕಲಿಯಾಗ ಇದ್ಕಿಂತ ಜಾಸ್ತಿ ಇದ್ದೋ" ಅಂದರು. ಆಮೇಲೆ ಒಂದು ಕೊಡ ನೀರು ತಂದು ಎದುರು ಮೂಲೆಯಲ್ಲಿ ಸುರಿದರು. ನೀರು ಒಂದು ಕ್ಷಣ ಅಲ್ಲೇ ಹರಡಿ, ತೂಬಿನ ಕಡೆ ಹೊರಟಿತು.

ಒಂದು ತಪ್ಪು ಮಾತ್ರ ಯಾರ ಕಣ್ಣಿಗಾದರೂ ಬೀಳುತ್ತದೆ. ಕೋಣೆ 120 ಚದರಡಿ, ಒಡೆಯುವುದಕ್ಕೆ ಶೇ. 10 ಸೇರಿಸಿ 132 ಟೈಲ್ಸ್ ತಂದಿದ್ದೆ. ಅಂಗಡಿಯಲ್ಲಿ ಎಲ್ಲರೂ ಹಾಕುವ ಲೆಕ್ಕ ಅದು. ಆದರೆ ನಡುವಿನಿಂದ ಶುರುಮಾಡಿದ ಸಾಲಿನಲ್ಲಿ ಉದ್ದಕ್ಕೆ 13 ಜಾಗ, ಅಗಲಕ್ಕೆ 11 ಜಾಗ, ಒಟ್ಟು 143. ಅಂಚಿನ ತುಂಡುಗಳೆಲ್ಲ ಅರ್ಧಕ್ಕಿಂತ ದೊಡ್ಡವಾದ್ದರಿಂದ ಒಂದು ಟೈಲ್ಸಿನಿಂದ ಎರಡು ತುಂಡು ಬರುವುದಿಲ್ಲ. ಒಡೆದ ನಾಲ್ಕೂ ಸೇರಿ ಹದಿನೈದು ಸಾಲದೆ ಹೋದವು. ಮತ್ತೆ ತಂದ ಪೆಟ್ಟಿಗೆಯ ಬ್ಯಾಚ್ ನಂಬರ್ ಬೇರೆ, ಬಣ್ಣ ಅರ್ಧ ಛಾಯೆ ತೆಳು. ಅವನ್ನು ನೀರಿನ ಡ್ರಮ್ಮು ಇಡುವ ಕಡೆ ಹಾಕಿ ಮುಚ್ಚಿದ್ದೇನೆ. ನೀವು ಚದರಡಿ ನಂಬಬೇಡಿ, ಚೌಕ ಹಾಕಿದ ಹಾಳೆಯ ಮೇಲೆ ಕೋಣೆ ಬರೆದು ಜಾಗ ಎಣಿಸಿ. ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ, ಉಳಿದ ಐದಾರನ್ನು ಪೆಟ್ಟಿಗೆ ಸಮೇತ ಅಟ್ಟದ ಮೇಲೆ ಇಡಿ.